ರಾಡಿನ ಮೇಲೆ ಬರೆದ 1500

– ಮಾವ, ಈ ನೀರು ಕಾಯಿಸೋ ರಾಡು ಹಾಳಾಗಿದೆ ಅನ್ನಿಸುತ್ತೆ. ಹೋದ ವರ್ಷ ಒಂದು ಬಕೆಟ್ ನೀರು ಅರ್ಧ ಗಂಟೆಯಲ್ಲಿ ಕಾಯುತ್ತಿತ್ತು. ಈಗ ಹತ್ತಿರ ಹತ್ತಿರ ನಲವತ್ತು ನಿಮಿಷ. ಅಮ್ಮ ಹೊಸದು ತರೋಣ ಅಂತಿದ್ದಾರೆ. ನೀವು ವೈರಿಂಗ್ ಕೆಲಸ ಮಾಡಿದವರು, ಒಂದು ಸಲ ನೋಡಿಬಿಡಿ.

– ನೋಡೋಣ. ಆದರೆ ಲೆಕ್ಕ ನೀನೇ ಮಾಡಬೇಕು. ಹತ್ತನೇ ಕ್ಲಾಸಿನಲ್ಲಿ ಕರೆಂಟಿನ ಪಾಠ ಆಗಿದೆ ತಾನೆ?

– ಆಗಿದೆ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುತ್ತೆ. ಅವೆರಡನ್ನೇ ಗುಣಿಸಿದರೆ ಸಾಮರ್ಥ್ಯ. ಆ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು.

– ಹಾಗಾದರೆ ಬೇಕಾದ್ದೆಲ್ಲ ನಿನ್ನ ಹತ್ತಿರ ಇದೆ. ನೀನು ವಿಭವಾಂತರ ಅಂದಿದ್ದನ್ನು ನಾವು ವೋಲ್ಟೇಜ್ ಅಂತೀವಿ, ಪ್ರವಾಹ ಅಂದಿದ್ದನ್ನು ಆಂಪಿಯರ್ ಅಂತೀವಿ, ಅಷ್ಟೇ ವ್ಯತ್ಯಾಸ. ರಾಡಿನ ಮೇಲೆ ಏನು ಬರೆದಿದೆ, ಓದು.

– 1500 ವಾಟ್. 230 ವೋಲ್ಟ್.

– ಎರಡನ್ನೂ ಓದಿದೆಯಲ್ಲ, ಒಳ್ಳೇದು. ಅಂಗಡಿಯಲ್ಲಿ ಎಲ್ಲರೂ 1500 ಮಾತ್ರ ನೋಡಿ ದುಡ್ಡು ಕೊಟ್ಟು ಬರುತ್ತಾರೆ. 230 ವೋಲ್ಟ್ ಕೊಟ್ಟರೆ 1500 ವಾಟ್ ಶಾಖ ಕೊಡುತ್ತೀನಿ ಅನ್ನೋದು ಆ ರಾಡು ಒಪ್ಪಿಕೊಂಡ ಕರಾರು. ನಾವು 230 ಕೊಡದೆ ಇದ್ದರೆ ಅದು 1500 ಕೊಡಬೇಕಾಗಿಲ್ಲ. ಈಗ ಹೇಳು, ಕರಾರಿನ ಪ್ರಕಾರ ಎಷ್ಟು ಆಂಪಿಯರ್ ಎಳೆಯಬೇಕು?

– 1500ನ್ನು 230ರಿಂದ ಭಾಗಿಸಿದರೆ 6.52. ರೋಧ ಬೇಕಾದರೆ 230ನ್ನು 6.52ರಿಂದ ಭಾಗಿಸಬೇಕು. 35.3 ಓಮ್.

– ಆ 35.3 ಬರೆದಿಟ್ಟುಕೋ. ರಾಡು ಕೆಟ್ಟಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋದು ಆ ಸಂಖ್ಯೆ, ಬಕೆಟ್ ಮುಂದೆ ಕಳೆದ ನಿಮಿಷಗಳಲ್ಲ. ಈಗ ಮಲ್ಟಿಮೀಟರ್ ಓಮ್‌ಗೆ ತಿರುಗಿಸು. ರಾಡಿನ ಪ್ಲಗ್ ಎಲ್ಲಿದೆ?

– ಕೈಯಲ್ಲೇ ಇದೆ. ಸಾಕೆಟ್‌ನಿಂದ ತೆಗೆದಿದ್ದೀನಿ.

– ಹಾಗೇ ಇರಬೇಕು. ಕರೆಂಟು ಇರೋ ಕಡೆ ಮೀಟರನ್ನು ಓಮ್‌ನಲ್ಲಿಟ್ಟು ಮುಟ್ಟಿಸಬಾರದು. ಓಮ್ ಅಳೆಯುವಾಗ ಮೀಟರ್ ತನ್ನೊಳಗಿನ ಬ್ಯಾಟರಿಯ ಕರೆಂಟನ್ನೇ ಕಳಿಸಿ ನೋಡುತ್ತೆ, ಹೊರಗಿನ ಕರೆಂಟನ್ನು ಅದು ತಡೆಯಲ್ಲ. ದಪ್ಪ ಪಿನ್ ಅರ್ತ್, ಅದನ್ನು ಬಿಡು. ಉಳಿದ ಎರಡಕ್ಕೆ ಮುಟ್ಟಿಸು.

– 35.2.

– ಏನರ್ಥ?

– ರಾಡು ಚೆನ್ನಾಗಿಯೇ ಇದೆ! ಹಾಗಾದರೆ ನೀರು ಯಾಕೆ ತಡವಾಗಿ ಕಾಯುತ್ತೆ?

– ಅದಕ್ಕೆ ಕೆಲಸ ಮಾಡುತ್ತಿರುವಾಗ ಅಳೆಯಬೇಕು. ವೋಲ್ಟೇಜ್ ಮತ್ತು ಆಂಪಿಯರ್ ಎರಡನ್ನೂ ಒಂದೇ ಹೊತ್ತಿನಲ್ಲಿ. ಇದು ನನ್ನ ಹಳೇ ಟಾಂಗ್ ಟೆಸ್ಟರ್, ವೈರ್ ಕತ್ತರಿಸದೆ ಆಂಪಿಯರ್ ತೋರಿಸುತ್ತೆ. ಇದರ ಬಾಯಿಯೊಳಗೆ ರಾಡಿನ ವೈರ್ ಹಾಕಿ ನೋಡು. ನಾನು ಬಕೆಟ್‌ಗೆ ನೀರು ತುಂಬಿ ರಾಡು ಇಳಿಸಿ ಆಮೇಲೆ ಸ್ವಿಚ್ ಹಾಕುತ್ತೀನಿ. ಸ್ವಿಚ್ ಹಾಕಿದ ಮೇಲೆ ನೀರು ಮುಟ್ಟಬೇಡ, ಬಿಸಿ ಆಯಿತೇ ಅಂತ ಬೆರಳು ಅದ್ದಬೇಡ.

– ಸೊನ್ನೆ ತೋರಿಸುತ್ತಿದೆ ಮಾವ. ಕರೆಂಟೇ ಹೋಗುತ್ತಿಲ್ಲವಾ?

– ಹೋಗುತ್ತಿದೆ. ಆ ವೈರಿನೊಳಗೆ ಹೋಗೋ ತಂತಿಯೂ ಇದೆ, ಬರೋ ತಂತಿಯೂ ಇದೆ. ಎರಡರಲ್ಲೂ ಅಷ್ಟೇ ಕರೆಂಟು, ದಿಕ್ಕು ಮಾತ್ರ ಉಲ್ಟಾ. ಒಂದರ ಅಯಸ್ಕಾಂತ ಬಲವನ್ನು ಇನ್ನೊಂದು ಅಳಿಸಿಬಿಡುತ್ತೆ. ಅದಕ್ಕೇ ನಾನು ಈ ಗಿಡ್ಡ ಎಕ್ಸ್‌ಟೆನ್ಶನ್ ಮಾಡಿಕೊಂಡಿರೋದು. ಹೊರಗಿನ ಕವಚ ಸೀಳಿ ಮೂರು ತಂತಿ ಬಿಡಿಬಿಡಿಯಾಗಿ ಇಟ್ಟಿದ್ದೀನಿ. ಒಳಗಿನ ಇನ್ಸುಲೇಶನ್ ಹಾಗೇ ಇದೆ. ಸ್ವಿಚ್ ಆರಿಸಿ ರಾಡಿನ ಪ್ಲಗ್ಗನ್ನು ಇದರ ಮೂಲಕ ಸಿಗಿಸಿ ಮತ್ತೆ ಹಾಕಿದ್ದೀನಿ. ಟೆಸ್ಟರಿನ ಬಾಯಿಯೊಳಗೆ ಇದರ ಕೆಂಪು ತಂತಿಯೊಂದನ್ನೇ ಹಿಡಿ.

– 5.9 ಆಂಪಿಯರ್.

– ಎಕ್ಸ್‌ಟೆನ್ಶನ್ ಸಾಕೆಟ್‌ನಲ್ಲಿ ವೋಲ್ಟೇಜ್ ನಾನು ನೋಡುತ್ತೀನಿ. 208. ಈಗ ನಿನ್ನ ಎರಡು ಲೆಕ್ಕ ಮಾಡು.

– 208ನ್ನು 5.9ರಿಂದ ಭಾಗಿಸಿದರೆ… 35.25. ಅದೇ ಬಂತು! ಗುಣಿಸಿದರೆ 1227.

– 35 ಬದಲಾಗಲಿಲ್ಲ, 1500 ಬದಲಾಯಿತು. ರೋಧ ಆ ತಂತಿಯ ಸ್ವಂತ ಗುಣ, ಅದರ ಲೋಹ, ಉದ್ದ, ದಪ್ಪಕ್ಕೆ ಸೇರಿದ್ದು. ವಾಟ್ ಹಾಗಲ್ಲ. ನಾವು ಕೊಟ್ಟ ವೋಲ್ಟೇಜೂ ಆ ರೋಧವೂ ಸೇರಿದಾಗ ಹುಟ್ಟೋದು. ಅಮ್ಮ ಹೊಸ ರಾಡು ತಂದಿದ್ದರೆ ಅದೂ ಇಲ್ಲಿ 1227 ವಾಟೇ ಕೊಡುತ್ತಿತ್ತು.

– ಆದರೆ 230ರಿಂದ 208ಕ್ಕೆ ಇಳಿದಿರೋದು ನೂರಕ್ಕೆ ಹತ್ತರಷ್ಟೂ ಇಲ್ಲ. ವಾಟ್ ಮಾತ್ರ ನೂರಕ್ಕೆ ಹದಿನೆಂಟು ಇಳಿದಿದೆ.

– ಹೌದು, ಈ ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ವೋಲ್ಟೇಜ್ ಇಳಿದರೆ ತಳ್ಳೋ ಬಲವೂ ಕಡಿಮೆ, ಹರಿಯೋ ಆಂಪಿಯರೂ ಕಡಿಮೆ. ವಾಟ್ ಅಂದರೆ ಅವೆರಡರ ಗುಣಲಬ್ಧ. ಎರಡು ಕಡೆಯೂ ಪೆಟ್ಟು ಬೀಳುತ್ತೆ. ಕೂಲಿಯವನಿಗೆ ದಿನದ ಕೂಲಿಯನ್ನೂ ಇಳಿಸಿ ಕೆಲಸದ ದಿನವನ್ನೂ ಇಳಿಸಿದ ಹಾಗೆ. ಅದಕ್ಕೇ ವಾಟ್ ಲೆಕ್ಕವನ್ನು ವೋಲ್ಟೇಜಿನ ವರ್ಗ ಭಾಗಿಸು ರೋಧ ಅಂತಲೂ ಮಾಡಬಹುದು, ಆಂಪಿಯರಿನ ವರ್ಗ ಗುಣಿಸು ರೋಧ ಅಂತಲೂ ಮಾಡಬಹುದು. ಮೂರೂ ಒಂದೇ.

– ನಮ್ಮ ಮೇಷ್ಟ್ರು ಒಂದು ತ್ರಿಕೋನ ಬರೆಸಿದ್ದರು. ಬೇಕಾದ್ದನ್ನು ಬೆರಳಿನಿಂದ ಮುಚ್ಚಿದರೆ ಉತ್ತರ ಬರುತ್ತೆ.

– ತ್ರಿಕೋನ ಬೇಡ ಅನ್ನಲ್ಲ. ಆದರೆ ಯಾವ ಎರಡು ಸಂಖ್ಯೆ ಒಂದೇ ವಸ್ತುವಿಗೆ, ಒಂದೇ ಹೊತ್ತಿಗೆ ಸೇರಿದವು ಅಂತ ತ್ರಿಕೋನ ಹೇಳಲ್ಲ. ರಾಡಿನ ಮೇಲಿನ 1500ನ್ನು ತಗೊಂಡು ಸಾಕೆಟ್‌ನ 208ರಿಂದ ಭಾಗಿಸಿದರೆ 7.2 ಆಂಪಿಯರ್ ಬರುತ್ತೆ. ಆ 7.2 ಈ ಮನೆಯಲ್ಲಿ ಎಲ್ಲೂ ಹರಿಯುತ್ತಿಲ್ಲ. ಲೆಕ್ಕ ಸರಿ, ಉತ್ತರ ಸುಳ್ಳು. ಡಿಪ್ಲೊಮಾ ಮುಗಿಸಿದವರೂ ಈ ತಪ್ಪು ಮಾಡೋದನ್ನು ನೋಡಿದ್ದೀನಿ.

– ನೀರಿನ ಹೊತ್ತಿಗೂ ಲೆಕ್ಕ ಸರಿಹೋಗುತ್ತಾ?

– ಮಾಡಿ ನೋಡು. ಬಕೆಟ್‌ನಲ್ಲಿ 20 ಲೀಟರ್. ಈಗ 25 ಡಿಗ್ರಿ ಇದೆ ಅಂತ ಇಟ್ಟುಕೋ, 55ಕ್ಕೆ ಏರಿಸಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಸುಮಾರು 4186 ಜೂಲ್ ಬೇಕು. ಒಂದು ವಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್.

– 20 ಗುಣಿಸು 30 ಗುಣಿಸು 4186. ಇಪ್ಪತ್ತೈದು ಲಕ್ಷದ ಹತ್ತಿರ. 1500ರಿಂದ ಭಾಗಿಸಿದರೆ 1674 ಸೆಕೆಂಡ್, ಅಂದರೆ 28 ನಿಮಿಷ. 1227ರಿಂದ ಭಾಗಿಸಿದರೆ 34 ನಿಮಿಷ. ಬಕೆಟ್‌ನ ಮೇಲಿಂದ, ಸುತ್ತಲಿಂದ ಆರಿಹೋಗೋ ಶಾಖ ಸೇರಿಸಿದರೆ ನಲವತ್ತಕ್ಕೆ ಹತ್ತಿರ ಬರುತ್ತೆ. ಸರಿಯಾಗಿದೆ ಮಾವ.

– ಇದೇ ಪ್ರಯೋಗವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಒಬ್ಬ ಹುಡುಗ ಮಾಡಿದ್ದ. ಜೇಮ್ಸ್ ಜೂಲ್. ಮನೆಯಲ್ಲಿ ಬಿಯರ್ ತಯಾರಿಸೋ ವ್ಯವಹಾರ. ತಂತಿಯನ್ನು ಗಾಜಿನ ಕೊಳವೆಗೆ ಸುತ್ತಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿ ಆಯಿತು ಅಂತ ಥರ್ಮಾಮೀಟರ್‌ನಲ್ಲಿ ನೋಡಿದ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. 1841ರಲ್ಲಿ ಅದನ್ನು ಪ್ರಕಟಿಸಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ನಮ್ಮ ಬಚ್ಚಲುಮನೆಯ ರಾಡಿನ ತಾತ ಆ ಸುರುಳಿ.

– ಓಮ್ ಅದಕ್ಕೂ ಮೊದಲಿನವರಲ್ಲವಾ?

– ಮೊದಲಿನವರು. ಗಿಯೋರ್ಗ್ ಓಮ್, ಜರ್ಮನಿಯವರು. ಬೀಗ ಮಾಡುವವರ ಮಗ, ಗಣಿತ ಕಲಿತದ್ದು ಅಪ್ಪನ ಹತ್ತಿರವೇ. ಕಲೋನ್ ಊರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ಅವರ ಕಷ್ಟ ಎಂಥದ್ದು ಅಂತ ಯೋಚನೆ ಮಾಡು. ನಿನ್ನ ಕೈಯಲ್ಲಿ ವೋಲ್ಟ್ ತೋರಿಸೋ ಮೀಟರ್ ಇದೆ, ಆಂಪಿಯರ್ ತೋರಿಸೋ ಮೀಟರ್ ಇದೆ. ಅವರ ಕಾಲಕ್ಕೆ ಆ ಮೀಟರ್ ಇರಲಿ, ವೋಲ್ಟ್ ಆಂಪಿಯರ್ ಅನ್ನೋ ಅಳತೆಗಳೇ ಇರಲಿಲ್ಲ. ಅವು ಜಗತ್ತಿಗೆಲ್ಲ ಒಂದೇ ಅಂತ ಗೊತ್ತುಮಾಡಿದ್ದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ. ಓಮ್ ಹತ್ತಿರ ಇದ್ದದ್ದು ವೋಲ್ಟಾ ಮಾಡಿದಂಥ ಬ್ಯಾಟರಿ. ಅದು ಹಚ್ಚಿದ ಕೂಡಲೇ ಒಂದು ಬಲ, ಸ್ವಲ್ಪ ಹೊತ್ತಿಗೆ ಇನ್ನೊಂದು ಬಲ. ತೂಕದ ಕಲ್ಲೇ ತೂಗುವಾಗ ಸವೆಯುತ್ತಿದ್ದರೆ ವ್ಯಾಪಾರ ಹೇಗೆ ಮಾಡೋದು?

– ಮತ್ತೆ ಹೇಗೆ ಮಾಡಿದರು?

– ಬ್ಯಾಟರಿ ಬಿಟ್ಟರು. ಬಿಸ್ಮತ್ ಮತ್ತು ತಾಮ್ರ, ಎರಡು ಲೋಹ ಬೆಸೆದು ಒಂದು ಬೆಸುಗೆಯನ್ನು ಕುದಿಯೋ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಆ ಎರಡು ಬಿಸಿಗಳ ವ್ಯತ್ಯಾಸದಿಂದಲೇ ಸಣ್ಣ ಕರೆಂಟು ಹುಟ್ಟುತ್ತೆ. ಕುದಿಯೋ ನೀರೂ ಮಂಜುಗಡ್ಡೆಯೂ ತಮ್ಮ ಬಿಸಿ ಬದಲಾಯಿಸಲ್ಲವಲ್ಲ, ಆದ್ದರಿಂದ ತಳ್ಳೋ ಬಲ ಅಲುಗಾಡಲಿಲ್ಲ. ಆಮೇಲೆ ಒಂದೇ ದಪ್ಪದ ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗುತ್ತೆ ಅಂತ ನೋಡಿದರು. 1827ರಲ್ಲಿ ಪುಸ್ತಕ ಬಂತು. ಅವರ ನಾಡಿನಲ್ಲಿ ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು. ನನಗೆ ಈ ಕಥೆಯಲ್ಲಿ ಸೂತ್ರಕ್ಕಿಂತ ಆ ಮಂಜುಗಡ್ಡೆಯೇ ದೊಡ್ಡದು. ಅಳೆಯೋಕೆ ಮೊದಲು ಅಲುಗಾಡದ್ದೊಂದನ್ನು ಹುಡುಕಿಕೊಂಡರಲ್ಲ, ಆ ತಾಳ್ಮೆ ದೊಡ್ಡದು.

– ಮಾವ, ಒಂದು ಬಲ್ಬನ್ನೂ ನೋಡಲಾ? ದೇವರ ಮನೆಯಲ್ಲಿ ಹಳೇ ಕಾಲದ 60ರ ಬಲ್ಬು ಇದೆ. 230ರ ವರ್ಗ 52,900. 60ರಿಂದ ಭಾಗಿಸಿದರೆ 882 ಓಮ್ ಇರಬೇಕು.

– ಬಿಚ್ಚಿಕೊಂಡು ಬಾ. ಆರಿರೋದನ್ನೇ ತಾ.

– ಮೀಟರ್ 65 ತೋರಿಸುತ್ತೆ! 882 ಎಲ್ಲಿ, 65 ಎಲ್ಲಿ. ಇದನ್ನು ನಂಬಿದರೆ 52,900ನ್ನು 65ರಿಂದ ಭಾಗಿಸಬೇಕು. 814 ವಾಟ್. ಇಷ್ಟು ಸಣ್ಣ ಬಲ್ಬಾ? ರಾಡಿಗೆ ಸರಿಹೋದ ಲೆಕ್ಕ ಬಲ್ಬಿಗೆ ಯಾಕೆ ಸುಳ್ಳಾಯಿತು?

– ಸುಳ್ಳಾಗಿಲ್ಲ. ನೀನು ಅಳೆದದ್ದು ತಣ್ಣಗಿರೋ ತಂತಿಯನ್ನು. ಬಲ್ಬಿನೊಳಗಿರೋದು ಟಂಗ್‌ಸ್ಟನ್. ಉರಿಯುವಾಗ ಅದರ ಬಿಸಿ ಎರಡೂವರೆ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಷ್ಟು ಕಾದಾಗ ರೋಧ ಹತ್ತು ಪಟ್ಟಿಗೂ ಮೇಲೆ ಏರುತ್ತೆ. ಸ್ವಿಚ್ ಹಾಕಿದ ಮೊದಲ ಕ್ಷಣ ನಿನ್ನ 65 ಓಮ್ ನಿಜ, ಆಗ ಎಳೆಯೋ ಕರೆಂಟೂ ಮೂರೂವರೆ ಆಂಪಿಯರ್. ಕಣ್ಣು ಮಿಟುಕಿಸೋದರೊಳಗೆ ತಂತಿ ಕಾದು ಕಾಲು ಆಂಪಿಯರಿಗೆ ಇಳಿಯುತ್ತೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದ ತಕ್ಷಣವೇ ಟಪ್ ಅಂತ ಹೋಗುತ್ತಿದ್ದವಲ್ಲ, ಅದಕ್ಕೇ.

– ಹಾಗಾದರೆ ರಾಡು ಕಾದರೂ 35 ಯಾಕೆ ಹಾಗೇ ಉಳಿಯಿತು?

– ಅದರೊಳಗಿನ ತಂತಿ ನೈಕ್ರೋಮ್, ನಿಕ್ಕಲ್ ಮತ್ತು ಕ್ರೋಮಿಯಂ ಮಿಶ್ರಲೋಹ. ಬಿಸಿ ಆದರೂ ಅದರ ರೋಧ ಹೆಚ್ಚು ಏರಲ್ಲ, ನೂರಕ್ಕೆ ಕೆಲವು ಅಂಶ ಮಾತ್ರ. ಸುತ್ತ ನೀರೂ ಇದೆ. ಅದಕ್ಕೇ ಒಲೆಗೆ, ಇಸ್ತ್ರಿ ಪೆಟ್ಟಿಗೆಗೆ, ರಾಡಿಗೆ ಅದನ್ನೇ ಹಾಕೋದು. ಬಲ್ಬಿನ ರೋಧ ಬೇಕಾದರೆ ಉರಿಯುವಾಗಿನ ವೋಲ್ಟೇಜ್, ಉರಿಯುವಾಗಿನ ಆಂಪಿಯರ್ ಎರಡನ್ನೇ ಭಾಗಿಸು. ಇನ್ನೊಂದು ದಾರಿ ಇಲ್ಲ.

– ಸರಿ, ರಾಡಿನ ಕಡೆ ಬರೋಣ. 208 ಯಾಕಾಯಿತು? ಬೀದಿಯ ಟ್ರಾನ್ಸ್‌ಫಾರ್ಮರ್ ಕಡೆಯಿಂದಲೇ ಕಡಿಮೆ ಬರುತ್ತಿದೆಯಾ?

– ನೋಡಿ ಬರುತ್ತೀನಿ, ರಾಡು ಹಾಗೇ ಓಡಲಿ. ನೀನು ಮೀಟರ್ ಬೋರ್ಡಿನ ಹತ್ತಿರ ಬರಬೇಡ, ಅಲ್ಲಿ ತಂತಿಗಳ ತುದಿ ತೆರೆದಿರುತ್ತೆ… 220.

– ಅಲ್ಲಿ 220, ಇಲ್ಲಿ 208. ಮನೆಯೊಳಗೇ 12 ವೋಲ್ಟ್ ಕಳೆದುಹೋಯಿತು.

– ಬೀದಿಯಲ್ಲಿ 230ರಿಂದ ಕಳೆದ 10 ವೋಲ್ಟ್ ನಮ್ಮ ಕೈಯಲ್ಲಿಲ್ಲ. ಮನೆಯೊಳಗಿನ 12 ನಮ್ಮದು. ಓಮ್ ಹೇಳಿದ್ದು ರಾಡಿಗೆ ಮಾತ್ರ ಅಂತ ತಿಳಿಯಬೇಡ. ಅದೇ 5.9 ಆಂಪಿಯರ್ ಮೀಟರ್ ಬೋರ್ಡಿನಿಂದ ಇಲ್ಲಿವರೆಗೆ ಸ್ವಿಚ್ಚು, ಸಾಕೆಟ್ಟು, ಸ್ಕ್ರೂ, ತಂತಿ ಎಲ್ಲದರ ಮೂಲಕ ಹಾದು ಬರುತ್ತೆ. ದಾರಿಯ ರೋಧ ಎಷ್ಟು?

– 12ನ್ನು 5.9ರಿಂದ ಭಾಗಿಸಿದರೆ ಎರಡು ಓಮ್. ಅಲ್ಲಿ ಹೋಗುತ್ತಿರೋ ಸಾಮರ್ಥ್ಯ 12 ಗುಣಿಸು 5.9, ಅಂದರೆ 71 ವಾಟ್.

– ಅದು ತಂತಿಯ ಉದ್ದಕ್ಕೂ ಹಂಚಿಹೋಗಿದ್ದರೆ ಚಿಂತೆ ಇಲ್ಲ. ಈ ಬೋರ್ಡಿಗೆ ಎಳೆದಿರೋದು ಒಂದು ಚದರ ಮಿಲಿಮೀಟರ್ ತಾಮ್ರದ ತಂತಿ. ಒಂದು ಕಿಲೋಮೀಟರಿಗೆ ಸುಮಾರು 18 ಓಮ್. ಮೀಟರಿನಿಂದ ಇಲ್ಲಿಗೆ ಇಪ್ಪತ್ತು ಮೀಟರ್ ಇದೆ.

– ಹೋಗೋದು ಬರೋದು ಸೇರಿ 40 ಮೀಟರ್. 0.72 ಓಮ್. 5.9ರಿಂದ ಗುಣಿಸಿದರೆ ನಾಲ್ಕೂಕಾಲು ವೋಲ್ಟ್. ಉಳಿದ ಏಳೂಮುಕ್ಕಾಲು ವೋಲ್ಟ್ ಎಲ್ಲಿ?

– ಒಂದೇ ಜಾಗದಲ್ಲಿ ಇರಬೇಕು. ಅದನ್ನೂ ವಾಟ್ ಮಾಡು.

– 7.75 ಗುಣಿಸು 5.9. 46 ವಾಟ್.

– ನನ್ನ ಸೋಲ್ಡರಿಂಗ್ ಐರನ್ ನೋಡಿದ್ದೀಯಲ್ಲ. 25 ವಾಟ್. ಅದರ ತುದಿ ಸೀಸ ಕರಗಿಸುತ್ತೆ. ಈ ಮನೆಯ ಗೋಡೆಯಲ್ಲಿ ಎಲ್ಲೋ ಒಂದು ಕಾಳಿನಷ್ಟು ಜಾಗದಲ್ಲಿ ಅದರ ಹೆಚ್ಚುಕಡಿಮೆ ಎರಡರಷ್ಟು ಶಾಖ ದಿನಾ ಬೆಳಿಗ್ಗೆ ಹುಟ್ಟುತ್ತಿದೆ. ಅಮ್ಮನಿಗೆ ಏನಾದರೂ ವಾಸನೆ ಬಂದಿತ್ತಾ ಕೇಳು.

– ನನಗೇ ಬಂದಿತ್ತು. ಮೀನು ಸುಟ್ಟಂಥ ವಾಸನೆ. ಪಕ್ಕದ ಮನೆಯ ಅಡುಗೆ ಅಂದುಕೊಂಡಿದ್ದೆ.

– ಅದು ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಕಾಯೋ ವಾಸನೆ. ಸ್ವಿಚ್ ಆಫ್ ಮಾಡಿದೆ, ಪ್ಲಗ್ ಕಿತ್ತೆ. ನಡುವೆ ಇದೇನಿದು ಬಿಳೀದು?

– ಕನ್ವರ್ಟರ್. ರಾಡಿನ ಪ್ಲಗ್ ದಪ್ಪ, ಇಲ್ಲಿನ ಸಾಕೆಟ್ ಸಣ್ಣದು. ಅಂಗಡಿಯಲ್ಲಿ ಇದನ್ನು ಹಾಕಿಕೊಳ್ಳಿ ಅಂತ ಕೊಟ್ಟರು.

– ಬೆರಳಿನ ಹಿಂಭಾಗ ಮೆಲ್ಲಗೆ ತಾಗಿಸಿ ನೋಡು.

– ಅಯ್ಯೋ, ಸುಡುತ್ತೆ! ಒಂದು ಪಿನ್ ಕಪ್ಪಾಗಿದೆ. ಸುತ್ತ ಕಂದು ಬಣ್ಣ ಬಂದಿದೆ.

– ಇದೇ. ಈ ರಾಡಿಗೆ ದಪ್ಪ ಪ್ಲಗ್ ಕೊಟ್ಟಿರೋದು ಸುಮ್ಮನೆ ಅಲ್ಲ. 1500 ಭಾಗಿಸು 230 ಮಾಡಿ 6.5 ಅಂದೆಯಲ್ಲ ಶುರುವಿನಲ್ಲೇ. ಸಣ್ಣ ಸಾಕೆಟ್ ಮೇಲೆ ಬರೆದಿರೋದು 6 ಆಂಪಿಯರ್. ನಾಲ್ಕನೇ ಕ್ಲಾಸಿನ ಮಗು ಮಾಡೋ ಭಾಗಾಕಾರ. ಅದನ್ನು ಮಾಡಿದ್ದರೆ ಈ ಕನ್ವರ್ಟರ್ ಮನೆಗೆ ಬರುತ್ತಿರಲಿಲ್ಲ. ಪಿನ್‌ಗೂ ಸಾಕೆಟ್‌ನ ಹಿತ್ತಾಳೆ ಪಟ್ಟಿಗೂ ಬಿಗಿ ಹೋಗಿದೆ. ಬಿಗಿ ಹೋದ ಕಡೆ ಲೋಹ ಲೋಹಕ್ಕೆ ಸೂಜಿಮೊನೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತೆ, ರೋಧ ಏರುತ್ತೆ, ಕಾಯುತ್ತೆ. ಕಾದರೆ ಮೇಲೆ ಕಪ್ಪು ಪದರ ಕಟ್ಟುತ್ತೆ, ಹಿತ್ತಾಳೆಯ ಸ್ಪ್ರಿಂಗ್ ಗುಣ ಸತ್ತು ಇನ್ನೂ ಸಡಿಲ ಆಗುತ್ತೆ. ರೋಧ ಇನ್ನೂ ಏರುತ್ತೆ.

– ಇಷ್ಟು ಕಾದರೂ ಎಂಸಿಬಿ ಯಾಕೆ ಬೀಳಲಿಲ್ಲ?

– ಇದನ್ನು ಚೆನ್ನಾಗಿ ಕೇಳಿಸಿಕೋ. ಫ್ಯೂಸ್ ಆಗಲಿ ಎಂಸಿಬಿ ಆಗಲಿ, ನೋಡೋದು ಆಂಪಿಯರನ್ನು ಮಾತ್ರ. ಶಾರ್ಟ್ ಆದರೆ ರೋಧ ಇಲ್ಲವಾಗುತ್ತೆ, ಆಂಪಿಯರ್ ನೂರಾರು ಏರುತ್ತೆ, ಅದು ಬೀಳುತ್ತೆ. ಸಡಿಲ ಜಾಯಿಂಟ್‌ನಲ್ಲಿ ರೋಧ ಜಾಸ್ತಿ ಆಗುತ್ತೆ. ಜಾಸ್ತಿ ಆದರೆ ಆಂಪಿಯರ್?

– ಕಡಿಮೆ. 6.5 ಇರಬೇಕಾದ್ದು 5.9 ಇದೆ.

– ಎಂಸಿಬಿ ಕಣ್ಣಿಗೆ ಮನೆ ಮೊದಲಿಗಿಂತ ನೆಮ್ಮದಿಯಾಗಿದೆ. ಬೆಂಕಿ ಹತ್ತೋ ಜಾಗ ತಯಾರಾಗುತ್ತಿರುವಾಗ ಕಾವಲುಗಾರನಿಗೆ ಏನೂ ಕಾಣಲ್ಲ. ನಾನು ಸುಟ್ಟ ಬೋರ್ಡುಗಳನ್ನು ಬಿಚ್ಚಿದ್ದು ಲೆಕ್ಕವಿಲ್ಲದಷ್ಟು. ಎಷ್ಟೋ ಕಡೆ ಒಳಗೆ ಸಿಕ್ಕಿದ್ದು ಒಂದು ಸಡಿಲ ಸ್ಕ್ರೂ, ಇಲ್ಲವೇ ಇಂಥದ್ದೇ ಒಂದು ಪ್ಲಗ್. ಜನ ಎಲ್ಲದಕ್ಕೂ ಶಾರ್ಟ್ ಸರ್ಕ್ಯೂಟ್ ಅನ್ನುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತೆ. ಕಾರಣ ತಪ್ಪು ಗೊತ್ತಾದರೆ ಎಚ್ಚರಿಕೆಯೂ ತಪ್ಪು ಜಾಗದಲ್ಲೇ ಇರುತ್ತೆ.

– ದುಡ್ಡೂ ಹೋಗುತ್ತಿತ್ತಲ್ಲವಾ ಮಾವ? ಆ 71 ವಾಟ್ ನಮ್ಮ ಮೀಟರಿನಲ್ಲೇ ಓಡುತ್ತೆ.

– ಓಡುತ್ತೆ. ಆದರೆ ಅರ್ಧ ಗಂಟೆಗೆ 71 ವಾಟ್ ಅಂದರೆ ಒಂದು ಯೂನಿಟ್‌ನ ಇಪ್ಪತ್ತೆಂಟರಲ್ಲಿ ಒಂದು ಪಾಲು. ಒಂದು ಯೂನಿಟ್ ಅಂದರೆ ಸಾವಿರ ವಾಟ್ ಒಂದು ಗಂಟೆ. ಬಿಲ್ಲಿನಲ್ಲಿ ಗೊತ್ತೂ ಆಗಲ್ಲ. ದುಡ್ಡಿನ ಮಾತು ಬಿಡು, ಇದು ಮನೆಯ ಮಾತು.

– ನಮ್ಮ ಮನೆಯ ಇಪ್ಪತ್ತು ಮೀಟರ್ ತಂತಿಯಲ್ಲೇ ನಾಲ್ಕು ವೋಲ್ಟ್ ಹೋಗುತ್ತೆ. ಹಾಗಾದರೆ ನೂರಾರು ಕಿಲೋಮೀಟರ್ ದೂರದಿಂದ ಕರೆಂಟು ಹೇಗೆ ಬರುತ್ತೆ?

– ಆ ಪ್ರಶ್ನೆಗೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಮಳವಳ್ಳಿ ದಾಟಿದರೆ ಶಿವನಸಮುದ್ರ. 1902ರ ಜೂನ್‌ನಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಸುಮಾರು 147 ಕಿಲೋಮೀಟರ್. ಆಗಿನ ಜಗತ್ತಿನ ಬಹಳ ಉದ್ದದ ಲೈನುಗಳಲ್ಲಿ ಅದೂ ಒಂದು. ಆ ಯೋಜನೆ ಹೊತ್ತ ದಿವಾನರು ಶೇಷಾದ್ರಿ ಅಯ್ಯರ್. ಅವರು 1901ರಲ್ಲೇ ತೀರಿಕೊಂಡರು, ಕರೆಂಟು ಹರಿದದ್ದನ್ನು ನೋಡಲಿಲ್ಲ. ಬೆಂಗಳೂರಿಗೆ ಬೀದಿ ದೀಪ ಬಂದದ್ದು ಗಣಿಯ ಆಮೇಲೆ, 1905ರಲ್ಲಿ.

– ಅಷ್ಟು ದೂರ ತಂತಿಯಲ್ಲೇ ಎಲ್ಲ ಸೋರಿಹೋಗಬೇಕಿತ್ತಲ್ಲ?

– 230 ವೋಲ್ಟ್‌ನಲ್ಲಿ ಕಳಿಸಿದ್ದರೆ ಹೋಗುತ್ತಿತ್ತು. ಲೆಕ್ಕಕ್ಕೆ ಮೂವತ್ತು ಲಕ್ಷ ವಾಟ್ ಕಳಿಸಬೇಕು ಅಂತ ಇಟ್ಟುಕೋ. ಮೂರು ಫೇಸ್ ಲೆಕ್ಕ ಸ್ವಲ್ಪ ಬೇರೆ, ಈಗ ಅದು ಬೇಡ.

– 230 ವೋಲ್ಟ್ ಆದರೆ 13,000 ಆಂಪಿಯರ್!

– 30,000 ವೋಲ್ಟ್‌ಗೆ ಏರಿಸಿದರೆ?

– ನೂರು ಆಂಪಿಯರ್, ಅಷ್ಟೇ.

– ಸಾಮರ್ಥ್ಯ ಅದೇ ಮೂವತ್ತು ಲಕ್ಷ. ಆಂಪಿಯರ್ ನೂರಮೂವತ್ತರಲ್ಲಿ ಒಂದು ಪಾಲು. ತಂತಿಯ ಶಾಖ ಆಂಪಿಯರಿನ ವರ್ಗದಂತೆ ಅಂತ ಜೂಲ್ ಹೇಳಿದ್ದ. ಆದ್ದರಿಂದ ಅದೇ ತಂತಿಯಲ್ಲಿ ನಷ್ಟ ಹದಿನೇಳು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಶಿವನಸಮುದ್ರದ ಲೈನನ್ನು ಕಟ್ಟಿದವರು ಮೂವತ್ತು ಸಾವಿರ ವೋಲ್ಟ್‌ನ ಆಚೀಚೆಗೆ ಏರಿಸಿದ್ದು ಇದಕ್ಕೇ. ನೀನು ಬಕೆಟ್ ಮುಂದೆ ಮಾಡಿದ ಗುಣಾಕಾರವನ್ನೇ ಅವರು ಕಾವೇರಿ ಮುಂದೆ ಮಾಡಿದರು.

– ತೋಟದ ಪಂಪ್‌ಸೆಟ್ಟಿಗೂ ಇದೇ ಲೆಕ್ಕವಾ? ವೋಲ್ಟೇಜ್ ಕಡಿಮೆ ಆದರೆ ಅದೂ ಆಂಪಿಯರ್ ಕಡಿಮೆ ಎಳೆಯುತ್ತಾ?

– ಇಲ್ಲ. ರಾಡೂ ಮೋಟರೂ ಬೇರೆ ಜಾತಿ. ರಾಡಿಗೆ ಕಡಿಮೆ ಕೊಟ್ಟರೆ ಕಡಿಮೆ ಕಾಯುತ್ತೆ, ಅಷ್ಟೇ. ಬೋರ್‌ವೆಲ್ ಮೋಟರ್ ಮೇಲೆ ನೀರಿನ ಭಾರ ಇದೆ, ಅದು ಎತ್ತಲೇಬೇಕು. ವೋಲ್ಟೇಜ್ ಇಳಿದರೆ ಆಂಪಿಯರ್ ಹೆಚ್ಚು ಎಳೆದುಕೊಂಡು ಎತ್ತುತ್ತೆ. ನೂರಕ್ಕೆ ಇಪ್ಪತ್ತು ಹೆಚ್ಚು ಎಳೆದರೆ ವೈಂಡಿಂಗ್‌ನ ಶಾಖ ನೂರಕ್ಕೆ ನಲವತ್ತನಾಲ್ಕು ಹೆಚ್ಚು. ಕಾಯಿಲ್ ಸುಡೋದು ಹಾಗೆ. ಮತ್ತೆ ಮೋಟರಿನಲ್ಲಿ ವೋಲ್ಟೇಜನ್ನೂ ಆಂಪಿಯರನ್ನೂ ಬರೀ ಗುಣಿಸಿದರೆ ನಿಜವಾದ ವಾಟ್ ಬರಲ್ಲ, ಪವರ್ ಫ್ಯಾಕ್ಟರ್ ಅಂತ ಇನ್ನೊಂದು ಸಂಖ್ಯೆಯಿಂದ ಗುಣಿಸಬೇಕು. ಅದು ನೀನು ಮುಂದೆ ಓದೋ ಪಾಠ. ಬರೀ ಕಾಯಿಸೋ ವಸ್ತುಗಳಿಗೆ ಇವತ್ತಿನ ಲೆಕ್ಕ ಸಾಕು.

– ಮನುಷ್ಯರಿಗೂ ರೋಧ ಇದೆಯಾ ಮಾವ?

– ಇದೆ. ಈ ಲೆಕ್ಕ ನೀನು ಕೇಳದಿದ್ದರೂ ನಾನೇ ಮಾಡಿಸುತ್ತಿದ್ದೆ. ಒಣಗಿದ ಚರ್ಮಕ್ಕೆ ರೋಧ ಹೆಚ್ಚು. ಮೈ ಒದ್ದೆ ಆದರೆ ಸಾವಿರ ಓಮ್‌ವರೆಗೂ ಇಳಿಯಬಹುದು. ರಾಡು ಓಡುತ್ತಿರುವಾಗ ಒದ್ದೆ ನೆಲದಲ್ಲಿ ನಿಂತು ನೀರಿಗೆ ಕೈ ಹಾಕಿದೆ, ರಾಡಿನ ಒಳಗೆ ಇನ್ಸುಲೇಶನ್ ಒಡೆದಿದೆ, ಅರ್ತ್ ಸರಿ ಇಲ್ಲ ಅಂತ ಇಟ್ಟುಕೋ.

– 230 ಭಾಗಿಸು ಸಾವಿರ. 0.23 ಆಂಪಿಯರ್.

– 230 ಮಿಲಿ ಆಂಪಿಯರ್. ಹೃದಯದ ತಾಳ ತಪ್ಪಿಸೋಕೆ ಅದರಲ್ಲಿ ಅರ್ಧವೂ ಬೇಡ. ಆರು ಆಂಪಿಯರ್ ಫ್ಯೂಸಿಗೆ ಇದು ಒಂದು ಸಣ್ಣ ದೀಪದಷ್ಟೂ ಲೆಕ್ಕವಿಲ್ಲ, ಅದು ಬೀಳಲ್ಲ. ಫ್ಯೂಸ್ ಇರೋದು ತಂತಿಯನ್ನು ಕಾಯೋಕೆ. ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ. ಹೋಗೋ ಕರೆಂಟಿಗೂ ಬರೋ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ತಕ್ಷಣ ಕಡಿದುಹಾಕುತ್ತೆ. ನೆನಪಿದೆಯಾ, ಟಾಂಗ್ ಟೆಸ್ಟರ್‌ಗೆ ಎರಡೂ ತಂತಿ ಒಟ್ಟಿಗೆ ಹಾಕಿದಾಗ ಸೊನ್ನೆ ಬಂತಲ್ಲ? ಆರ್‌ಸಿಸಿಬಿ ಇಡೀ ದಿನ ನೋಡುತ್ತಾ ಕೂರೋದು ಆ ಸೊನ್ನೆಯನ್ನೇ. ಸೊನ್ನೆ ತಪ್ಪಿದರೆ ಕರೆಂಟು ಬೇರೆ ದಾರಿಯಲ್ಲಿ, ಯಾರದೋ ಮೈ ಮೂಲಕವೂ ಇರಬಹುದು, ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ.

– ನಮ್ಮ ಮನೆಯಲ್ಲಿ ಅದು ಇಲ್ಲ.

– ಗೊತ್ತು. ಈ ತಿಂಗಳೇ ಹಾಕಿಸೋಣ. ರಾಡಿಗೆ ಇಟ್ಟ ದುಡ್ಡನ್ನು ಅದಕ್ಕೆ ಸೇರಿಸೋಕೆ ಅಮ್ಮನಿಗೆ ಹೇಳು. ಈಗ ಆ ಕನ್ವರ್ಟರ್ ಕಸದ ಬುಟ್ಟಿಗೆ ಹಾಕು, ಆ ಸಾಕೆಟ್ಟನ್ನೂ ನಾಳೆ ಬದಲಾಯಿಸುತ್ತೀನಿ, ಅಲ್ಲಿವರೆಗೆ ಅದಕ್ಕೆ ಏನೂ ಸಿಗಿಸಬೇಡಿ. ಅಡುಗೆ ಮನೆಯಲ್ಲಿ ದಪ್ಪ ಪ್ಲಗ್‌ನ 16 ಆಂಪಿಯರ್ ಸಾಕೆಟ್ ಇದೆಯಲ್ಲ, ಅದಕ್ಕೆ ನಾನೇ ಎರಡೂವರೆ ಚದರ ಮಿಲಿಮೀಟರ್ ತಂತಿ ಎಳೆದಿದ್ದೆ. ಬಕೆಟ್ ಅಲ್ಲಿಗೆ ತಗೊಂಡು ಬಾ. ಮೊದಲು ರಾಡು ನೀರಿಗೆ, ಆಮೇಲೆ ಪ್ಲಗ್, ಆಮೇಲೆ ಸ್ವಿಚ್. ಕೆಂಪು ತಂತಿ ಹಿಡಿ. ಎಷ್ಟು?

– 6.2 ಆಂಪಿಯರ್. ವೋಲ್ಟೇಜ್?

– 219.

– ಭಾಗಿಸಿದರೆ 35.3. ಗುಣಿಸಿದರೆ 1358 ವಾಟ್. ಇಪ್ಪತ್ತೈದು ಲಕ್ಷದ ಆ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ… 31 ನಿಮಿಷ. ಅಮ್ಮಾ, ಹೊಸ ರಾಡು ಬೇಡ. ಕೆಟ್ಟಿದ್ದದ್ದು ಪ್ಲಗ್ಗು.